ಕುಬಸದಿಂದ ಕೂಸಿನ ಮನೆಯವರೆಗೆ: ಮಕ್ಕಳ ಬೊಜ್ಜಿನ ಕುರಿತು

ಎಂಟು-ಹತ್ತು ವರ್ಷದ ಹುಡುಗ ದಪ್ಪಗಾದರೆ ನಮ್ಮ ಜಮಖಂಡಿ ಕಡೆಯ ಮನೆಗಳಲ್ಲಿ ಬೈಗುಳ ಮೊದಲು ಬೀಳುವುದು ಅವನ ಕೈಯಲ್ಲಿರುವ ಮೊಬೈಲಿಗೆ, ಆಮೇಲೆ ಅಂಗಡಿಯ ಹತ್ತು ರೂಪಾಯಿ ಪಾಕೀಟಿಗೆ, ಕೊನೆಗೆ ಅವನಿಗೇ. ಮೊಬೈಲಾಗಲಿ ಪಾಕೀಟಾಗಲಿ ನಿರಪರಾಧಿಯಲ್ಲ, ಒಪ್ಪುತ್ತೇನೆ. ಆದರೆ ಗರ್ಭದ ಒಂಬತ್ತು ತಿಂಗಳು ಮತ್ತು ಹುಟ್ಟಿದ ಮೇಲಿನ ಎರಡು ವರ್ಷಗಳಲ್ಲಿ ತಾಯಿಗೂ ಆ ಮನೆಗೂ ಎಂಥ ಆಸರೆ ಸಿಕ್ಕಿತ್ತು ಎಂಬುದನ್ನು ಯಾರೂ ಕೇಳುವುದಿಲ್ಲ. ಮಗುವಿನ ದೇಹ ಕೊಬ್ಬನ್ನು ಕೂಡಿಡುವ ರೂಢಿಯನ್ನು ಬಹುಮಟ್ಟಿಗೆ ಕಲಿಯುವುದು ಆ ಅವಧಿಯಲ್ಲಿಯೇ.

ಬೊಜ್ಜು ಬೆಂಗಳೂರಿನವರ ಚಿಂತೆ, ನಮ್ಮಲ್ಲಿ ಅಪೌಷ್ಟಿಕತೆಯೇ ಇನ್ನೂ ನೀಗಿಲ್ಲ ಎನ್ನುವವರಿದ್ದಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 2.1ರಷ್ಟು ಅಧಿಕ ತೂಕದವರಿದ್ದರೆ, 2019-21ರಲ್ಲಿ ಆ ಪ್ರಮಾಣ ಶೇ. 3.4ಕ್ಕೆ ಏರಿತು, ಅದೇ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ. 35.5. ಇವೆರಡೂ ಒಂದಕ್ಕೊಂದು ವಿರುದ್ಧವೆಂದು ತಿಳಿಯಬಾರದು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ತಂಡ ಅಲ್ಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಅಳೆದು ನೋಡಿದಾಗ, ಅವು ಇಂಗ್ಲೆಂಡಿನ ಶಿಶುಗಳಿಗಿಂತ ಬಹಳ ಹಗುರವಾಗಿದ್ದರೂ, ಸ್ನಾಯು ಕಡಿಮೆಯಿದ್ದರೂ, ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ಅಂದರೆ ತಾಯಿಯ ಅರೆಹೊಟ್ಟೆಯೂ ಮಗುವಿನ ಮುಂದಿನ ಬೊಜ್ಜಿಗೆ, ಸಕ್ಕರೆ ಕಾಯಿಲೆಗೆ ದಾರಿಯಾಗಬಹುದು. ಗರ್ಭ ಧರಿಸುವ ಮೊದಲೇ ತಾಯಿಗೆ ಪೂರಕ ಪೋಷಕಾಂಶ ಕೊಟ್ಟರೆ ಏನಾಗುತ್ತದೆಂದು ನಾಲ್ಕು ದೇಶಗಳಲ್ಲಿ ನಡೆದ ಅಧ್ಯಯನಕ್ಕೆ ಭಾರತದಲ್ಲಿ ನೆಲೆಯಾದದ್ದು ನಮ್ಮ ಬೆಳಗಾವಿಯೇ. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಹಾಗೆ ಪೋಷಣೆ ಪಡೆದವರ ಗರ್ಭದಲ್ಲಿ ಶಿಶುಗಳ ಬೆಳವಣಿಗೆ ಉತ್ತಮವಾಗಿತ್ತು.

ಇನ್ನೊಂದು ದಾರಿ ತಾಯಿಯ ರಕ್ತದ ಸಕ್ಕರೆಯದು. ತಾಯಿಯ ಗ್ಲೂಕೋಸ್ ಕರುಳಬಳ್ಳಿಯ ಮೂಲಕ ಮಗುವಿಗೆ ದಾಟುತ್ತದೆ, ಆದರೆ ಅವಳ ಇನ್ಸುಲಿನ್ ದಾಟುವುದಿಲ್ಲ. ಹೀಗಾಗಿ ತಾಯಿಯ ಸಕ್ಕರೆ ಮಿತಿಮೀರಿದರೆ ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿಕೊಂಡು, ಹೆಚ್ಚಾಗಿ ಬಂದ ಸಕ್ಕರೆಯನ್ನು ಕೊಬ್ಬಾಗಿ ಮಾರ್ಪಡಿಸಿಕೊಳ್ಳುತ್ತದೆ. ಇದನ್ನು ಪತ್ತೆಹಚ್ಚಲು 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸುತ್ತಾರೆ, 140 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗರ್ಭಿಣಿಯ ಸಕ್ಕರೆ ಕಾಯಿಲೆ ಎಂದರ್ಥ. ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಈ ಪರೀಕ್ಷೆ ಆಗಬೇಕು. ಏಳನೆಯ ತಿಂಗಳಲ್ಲಿ ಕುಬಸ (ಸೀಮಂತ) ಮಾಡುವ ಮನೆಗಳಲ್ಲಿ ಎರಡನೆಯ ಪರೀಕ್ಷೆಯೂ ಬಳಗದವರ ಬಯಕೆಯ ಊಟಗಳೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಹೋಳಿಗೆ ಬೇಡವೆಂದು ನಾನು ಹೇಳುವವಳಲ್ಲ. ಉಡಿ ತುಂಬುವ ದಿನ ಗೊತ್ತುಮಾಡುವ ಹಿರಿಯರೇ ಪರೀಕ್ಷೆಯ ದಿನವನ್ನೂ ಗೊತ್ತುಮಾಡಲಿ ಎಂಬುದಷ್ಟೇ ನನ್ನ ಕೋರಿಕೆ.

ಬಾಣಂತನವನ್ನು ಹಳೆಯ ಕಂದಾಚಾರವೆಂದು ಹಳಿಯುವುದು ಈಗ ಸುಲಭವಾಗಿದೆ, ಆದರೆ ಹಡೆದವಳಿಗೆ ತವರಿನಲ್ಲಿ ಸಿಗುವ ತಿಂಗಳುಗಟ್ಟಲೆಯ ವಿಶ್ರಾಂತಿಗೆ ಸಮನಾದ ವ್ಯವಸ್ಥೆಯನ್ನು ಯಾವ ಸರ್ಕಾರವೂ ಕಟ್ಟಿಕೊಟ್ಟಿಲ್ಲ. ಅಂಟು, ಉತ್ತತ್ತಿ, ಒಣಕೊಬ್ಬರಿ, ಬೆಲ್ಲ, ತುಪ್ಪ ಸೇರಿದ ಅಂಟಿನುಂಡಿಗೂ ಅರ್ಥವಿದೆ: ಎದೆಹಾಲು ಕುಡಿಸುವ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಹೇಳುತ್ತದೆ. ತೊಂದರೆಯಿರುವುದು ಉಂಡಿಯ ಜೊತೆಗೆ ಸೊಪ್ಪು, ಕಾಳು, ಹಣ್ಣುಗಳನ್ನು ‘ಥಂಡಿ’ ಎಂದೋ ‘ವಾಯು’ ಎಂದೋ ದೂರವಿಡುವುದರಲ್ಲಿ. ಅದಕ್ಕಿಂತ ದೊಡ್ಡ ತೊಂದರೆ, ಕೂಸು ಎರಡು ಸಲ ಅತ್ತರೆ ಸಾಕು, “ನಿನ್ನ ಹಾಲು ಸಾಲವಲ್ದು ಕಾಣ್ತೈತಿ, ಬಾಟ್ಲಿ ಹಾಕವಾ” ಎಂದು ಬರುವ ಸಲಹೆ. ಎದೆ ಕಚ್ಚಿದ ಕೂಸು ಹೊಟ್ಟೆ ತುಂಬಿದೊಡನೆ ತಾನೇ ಬಿಡುತ್ತದೆ; ಬಾಟಲಿಯಲ್ಲಾದರೆ ಉಳಿದಷ್ಟನ್ನೂ ಕುಡಿಸಿ ಮುಗಿಸುವ ಆತುರ ನಮ್ಮದಾಗುತ್ತದೆ. ಆರು ತಿಂಗಳ ನಂತರ ಹಾಲಿನಲ್ಲಿ ಅದ್ದಿದ ಬಿಸ್ಕಿಟ್ ಬರುತ್ತದೆ, ಎರಡು ವರ್ಷದವರೆಗೆ ಸಕ್ಕರೆಯನ್ನೇ ಹಾಕಬಾರದೆಂದು ಮಕ್ಕಳ ವೈದ್ಯರು ಹೇಳುತ್ತಿದ್ದರೂ.

ಅಂಗನವಾಡಿಯಲ್ಲಿ ತೂಗುವ ದಿನ ನಿಂತು ನೋಡಬೇಕು. ಕಾರ್ಯಕರ್ತೆ ತಾಯಿ ಕಾರ್ಡಿನ ಬೆಳವಣಿಗೆ ಪಟ್ಟಿಯಲ್ಲಿ ಚುಕ್ಕೆ ಇಟ್ಟು, ಅದು ಹಸಿರಿನಲ್ಲಿದ್ದರೆ ಮುಂದಿನ ಮಗುವನ್ನು ಕರೆಯುತ್ತಾಳೆ. ಹಳದಿಗೆ ಇಳಿದಿದ್ದರೆ ಮಾತ್ರ ತಾಯಿಯನ್ನು ಕೂರಿಸಿಕೊಂಡು ಮಾತಾಡುತ್ತಾಳೆ. ಗುಂಡಗಿರುವ ಕೂಸು ತಕ್ಕಡಿಗೆ ಬಂದರೆ ಸುತ್ತಲಿನವರು ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಾರೆ, ಅಷ್ಟೆ. ಕೊರತೆಯನ್ನು ಹುಡುಕಲೆಂದೇ ಪಳಗಿದ ಕಣ್ಣುಗಳಿಗೆ ಹೆಚ್ಚಳ ಕಾಣುವುದಿಲ್ಲ. ಅದನ್ನು ಕಾಣಲು ವಯಸ್ಸಿಗೆ ತಕ್ಕ ತೂಕದ ಬದಲು ಎತ್ತರಕ್ಕೆ ತಕ್ಕ ತೂಕವನ್ನು ನೋಡಬೇಕು, ಮತ್ತು ಎತ್ತರ ಅಳೆಯಲು ಒದ್ದಾಡುವ ಕೂಸನ್ನು ಇಬ್ಬರು ಹಿಡಿಯಬೇಕು.

ಇದನ್ನೆಲ್ಲ ತಾಯಿಯೊಬ್ಬಳ ತಲೆಗೆ ಕಟ್ಟುವುದು ಅನ್ಯಾಯ. ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವವಳು ಮೂರು ತಾಸಿಗೊಮ್ಮೆ ಹಾಲು ಕುಡಿಸಲು ಮನೆಗೆ ಬರುವುದೆಲ್ಲಿಂದ? ಗರ್ಭಿಣಿ-ಬಾಣಂತಿಯರಿಗೆಂದು 2017ರಲ್ಲಿ ಬಂದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಒಳ್ಳೆಯದೇ, ಆದರೆ ಅಂಗನವಾಡಿಗೆ ನಡೆದು ಹೋಗಿ ಉಣ್ಣಲು ಬಿಡುವೂ ಮನೆಯವರ ಒಪ್ಪಿಗೆಯೂ ಬೇಕು. ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’ ಹೊಲದ ಕೂಲಿಯವರೆಲ್ಲರಿಗೂ ಸಿಗುವಂತಾದರೆ, ಬೊಜ್ಜಿನ ಕುರಿತ ಹತ್ತು ಭಾಷಣಗಳಿಗಿಂತ ಹೆಚ್ಚಿನ ಕೆಲಸವಾದೀತು.

ಕೊನೆಗೊಂದು ಸಣ್ಣ ಸಂಗತಿ. ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡವಳು ಹೆರಿಗೆಯಾದ ಆರು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕು, ಮುಂದಿನ ಬಸಿರಿನ ಮಗುವಿಗೂ ಅದು ಮುಖ್ಯ. ಆದರೆ ಆ ಹೊತ್ತಿಗೆ ಅವಳು ತವರಿನಲ್ಲಿ ಬಾಣಂತಿ, ಅವಳ ಕಥೆ ಗೊತ್ತಿರುವ ಆಶಾ ಕಾರ್ಯಕರ್ತೆ ಗಂಡನ ಊರಿನಲ್ಲಿ. ಕೂಸಿನ ಲಸಿಕೆಯೊಂದು ಬೀಳುವುದೂ ಆರನೇ ವಾರಕ್ಕೇ ಆದ್ದರಿಂದ, ಅದನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗುವ ಅಜ್ಜಿ ತಾಯಿ ಕಾರ್ಡನ್ನೂ ಜೊತೆಗೊಯ್ದು, ಮಗಳ ಸಕ್ಕರೆಯನ್ನೂ ಅಂದೇ ನೋಡಿರೆಂದು ನರ್ಸಿಗೆ ಹೇಳಬಹುದು.