ಗಾರ್ಡನ್‌ವಿಲ್‌ನ ಕೆಸರು ಸಂತೆ

ಮಾರ್ಚ್ ತಿಂಗಳ ಎರಡನೇ ಶನಿವಾರ. ಬೆಳಗ್ಗೆ ಬೇಗ ಫಿಲಡೆಲ್ಫಿಯಾ ಬಿಟ್ಟು ನಾನೂ ನನ್ನ ಹೆಂಡತಿಯೂ ಗಾರ್ಡನ್‌ವಿಲ್‌ಗೆ ಹೋದೆವು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಸಣ್ಣ ಊರು ಅದು. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ. ಈ ಕೌಂಟಿ 1729ರಲ್ಲೇ ಆದದ್ದು. ಹಾಲು, ಮುಸುಕಿನ ಜೋಳ, ಹುಲ್ಲು, ಹೊಗೆಸೊಪ್ಪು ಇಲ್ಲಿನ ಬೇಸಾಯ.

ಅವತ್ತು ಅಲ್ಲಿ 'ಮಡ್ ಸೇಲ್'. ಹಿಮ ಕರಗಿ ಬಯಲೆಲ್ಲ ಕೆಸರಾದ ಹೊತ್ತಿಗೆ ನಡೆಯುವ ಹರಾಜು, ಅದಕ್ಕೇ ಆ ಹೆಸರು. ಬಂದ ದುಡ್ಡು ಊರಿನ ಅಗ್ನಿಶಾಮಕ ದಳಕ್ಕೆ. ಇಲ್ಲಿ ಬೆಂಕಿ ಆರಿಸುವವರು ಸಂಬಳದವರಲ್ಲ, ಊರಿನವರೇ. ಕರೆ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ. ಕಾರು ಇಟ್ಟುಕೊಳ್ಳದೆ, ಮನೆಗೆ ಕರೆಂಟಿನ ತಂತಿ ಎಳೆಸಿಕೊಳ್ಳದೆ, ಹೇಸರಗತ್ತೆ ಕಟ್ಟಿ ಉಳುವ ಆಮಿಶ್ ಅನ್ನೋ ಕ್ರೈಸ್ತ ಪಂಗಡದ ಜನರೂ ಈ ದಳದಲ್ಲಿದ್ದಾರೆ. ಲಾರಿ ಓಡಿಸುವುದು ಅಕ್ಕಪಕ್ಕದವರು, ನೀರಿನ ಪೈಪು ಹಿಡಿಯುವುದು ಇವರು. ಇದು ನನಗೆ ತುಂಬಾ ಹಿಡಿಸಿತು.

ಸಾಲಾಗಿ ನಿಂತ ಬೂದು ಬಣ್ಣದ ಕುದುರೆ ಗಾಡಿಗಳನ್ನು ದಾಟಿ ಒಳಗೆ ಹೋದರೆ ಒಂದೇ ಸಲಕ್ಕೆ ನಾಲ್ಕೈದು ಕಡೆ ಹರಾಜಿನ ಕೂಗು. ಒಬ್ಬ ಹಿರಿಯರು ಕುದುರೆಯ ತುಟಿ ಎತ್ತಿ ಹಲ್ಲು ನೋಡುತ್ತಿದ್ದರು. ನನಗೆ ಅಪ್ಪನ ನೆನಪಾಯಿತು. ದನದ ಜಾತ್ರೆಯಲ್ಲಿ ಅವರೂ ಹೀಗೇ ಹೋರಿಯ ಹಲ್ಲು ಎಣಿಸುತ್ತಿದ್ದರು. ಆದರೆ ನಮ್ಮಲ್ಲಿ ವ್ಯಾಪಾರ ಟವೆಲ್ ಕೆಳಗೆ, ಬೆರಳು ಹಿಡಿದು, ಗುಟ್ಟಾಗಿ. ಇಲ್ಲಿ ಎಲ್ಲರ ಎದುರಿಗೇ ಬೆಲೆ ಏರುತ್ತದೆ.

ಜಾಸ್ತಿ ಹೊತ್ತು ನಿಂತಿದ್ದು ಕ್ವಿಲ್ಟ್‌ಗಳ ಹತ್ತಿರ. ನಮ್ಮ ಕೌದಿಯೇ ಅನ್ನಿ. ಇಬ್ಬರು ಹುಡುಗರು ಎರಡು ತುದಿ ಹಿಡಿದು ಎತ್ತಿದರು. ನೀಲಿ, ಹಸಿರು ತುಂಡುಗಳು ಸೇರಿ ದೊಡ್ಡ ನಕ್ಷತ್ರ. ಹತ್ತಿರ ಹೋಗಿ ನೋಡಿದೆ: ಅಕ್ಕಿಕಾಳಿಗಿಂತ ಚಿಕ್ಕ ಹೊಲಿಗೆ, ಎಲ್ಲವೂ ಕೈಯದು. ಹೆಂಡತಿ ಅಂಚು ಮುಟ್ಟಿ ನೋಡಿ, "ನಮ್ಮಜ್ಜಿ ಹಳೇ ಸೀರೆ ಹಾಕಿ ಹೊಲೀತಿದ್ರು, ಅಲ್ವಾ?" ಅಂದಳು.

ಪಕ್ಕದಲ್ಲಿ ಬಿಳಿ ಟೊಪ್ಪಿಗೆಯ ಆಮಿಶ್ ಅಜ್ಜಿಯೊಬ್ಬರು ಕೂತಿದ್ದರು. ಮನೆಯವರ ಜೊತೆ ತಮ್ಮ ಜರ್ಮನ್ ಬಗೆಯ ಮಾತಿನಲ್ಲಿ ಏನೋ ಹೇಳುತ್ತಿದ್ದವರು ನಮ್ಮ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು:

"ನಿಮ್ಮದೂ ಬೇಸಾಯದ ಮನೆಯೇ?"

"ಹೌದಮ್ಮ, ಭತ್ತ, ಕಬ್ಬು."

"ಈಗ ಯಾರು ನೋಡಿಕೊಳ್ಳುತ್ತಾರೆ?"

"ಅಣ್ಣ" ಅಂದೆ. ಅಜ್ಜಿ ಸಮಾಧಾನದಿಂದ ತಲೆಯಾಡಿಸಿ, ಪಕ್ಕದ ಬೆಂಚಿನ ಮೇಲಿದ್ದ ಚೀಲ ತೆಗೆದು ನಮಗೆ ಜಾಗ ಮಾಡಿಕೊಟ್ಟರು.