ಐಸ್‌ಲ್ಯಾಂಡಿನ ಕುರಿ ಕೊಬ್ಬಿನ ಜಾಡು ಹಿಡಿದು

ಐಸ್‌ಲ್ಯಾಂಡಿಗೆ ಹೋಗುವವರಿಗೆಲ್ಲ ಆಕಾಶದ ಹಸಿರು ಬೆಳಕಿನದ್ದೇ ಹುಚ್ಚು. ಸೆಪ್ಟೆಂಬರಿನಲ್ಲಿ ಹೋದರೆ ಕುರಿಗಳೂ ಸಿಗುತ್ತವೆ, ಅದೂ ರಸ್ತೆ ತುಂಬ. ರೇಕ್ಯಾವಿಕ್‌ನಿಂದ ಒಂದನೇ ನಂಬರಿನ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟಿದ್ದೆವು. ಬ್ಲೊಂಡುಓಸ್ ದಾಟಿದ ಮೇಲೆ ಒಂದು ಮಂದೆ ಅಡ್ಡ ಬಂತು. ಕಾರು ನಿಲ್ಲಿಸಿ ಸುಮ್ನೆ ನೋಡುತ್ತಾ ಕೂತೆವು.

ಅಲ್ಲಿ ಬೇಸಿಗೆಯಲ್ಲಿ ಕುರಿಗಳನ್ನು ಬೆಟ್ಟಕ್ಕೆ ಬಿಟ್ಟುಬಿಡುತ್ತಾರೆ. ಕಾಯುವವರು ಯಾರೂ ಇಲ್ಲ. ಸೆಪ್ಟೆಂಬರಿನಲ್ಲಿ ಊರವರು ಕುದುರೆ ಏರಿ, ನಾಯಿ ಕಟ್ಟಿಕೊಂಡು ಹೋಗಿ ಅಷ್ಟನ್ನೂ ಇಳಿಸಿ ತರುತ್ತಾರೆ. ದುಂಡಗಿನ ದೊಡ್ಡಿಯಲ್ಲಿ ಕೂಡಿ, ಕಿವಿಯ ಗುರುತು ನೋಡಿ, ಕೊಂಬು ಹಿಡಿದು ಎಳೆದು ತಮ್ಮ ತಮ್ಮ ಪಾಲಿನ ಆವರಣದೊಳಗೆ ತಳ್ಳುತ್ತಾರೆ. ಇದಕ್ಕೆ ರೆಟ್ಟಿರ್ ಅಂತ ಹೆಸರು. ಮಕ್ಕಳು, ಅಜ್ಜಿಯರು ಎಲ್ಲ ಹಾಜರ್. ನಮ್ಮ ಕಡೆಯ ಜಾತ್ರೆಯಷ್ಟೇ ಗದ್ದಲ.

ನನ್ನ ತಲೆಯಲ್ಲಿ ಮಾತ್ರ ಬೇರೆಯೇ ಪ್ರಶ್ನೆ ಓಡುತ್ತಿತ್ತು. ಈ ನೆಲದಲ್ಲಿ ಶೇಂಗಾ, ಎಳ್ಳು, ಸೂರ್ಯಕಾಂತಿ ಯಾವುದೂ ಬೆಳೆಯುವುದಿಲ್ಲ. ಹಾಗಾದ್ರೆ ಇವರು ಶತಮಾನಗಟ್ಟಲೆ ಯಾವುದರಲ್ಲಿ ಕರಿದರು? ಏನು ಉರಿಸಿ ದೀಪ ಹಚ್ಚಿದರು?

ಸ್ಕಾಗಾಫ್ಯೋರ್ದುರ್ ಕಣಿವೆಯ ಗ್ಲೌಂಬೈರ್‌ನಲ್ಲಿ ಅರ್ಧ ಉತ್ತರ ಸಿಕ್ಕಿತು. ಅದು ಹುಲ್ಲುಹೆಂಟೆಯ ಗೋಡೆ, ಹುಲ್ಲು ಬೆಳೆದ ಮಾಡಿನ ಹಳೇ ಮನೆ. ಈಗ ವಸ್ತು ಸಂಗ್ರಹಾಲಯ. ಒಳಗೆ ಹಗಲಲ್ಲೂ ಕತ್ತಲು. ಇಂಥ ಮನೆಗಳಲ್ಲಿ ಮೀನಿನ ಪಿತ್ತಜನಕಾಂಗದ ಎಣ್ಣೆಯ ದೀಪ ಉರಿಯುತ್ತಿತ್ತು. ಕುರಿ ಕೊಬ್ಬಿನ ಮೇಣದಬತ್ತಿ ಹಬ್ಬಕ್ಕೆ, ಚರ್ಚಿಗೆ. ವಾಸನೆ ಹೇಗಿದ್ದಿರಬೇಕು ಅಂತ ಯೋಚಿಸಿದೆ. ಯೋಚಿಸಿದ್ದೇ ಸಾಕಾಯ್ತು.

ಅಲ್ಲಿಂದ ಹೋಲಾರ್ ದೂರವಿಲ್ಲ. 1106ರಿಂದ ಉತ್ತರ ಭಾಗದ ಬಿಷಪ್ಪರು ಕೂತ ಜಾಗ. ಸುತ್ತಲಿನ ಎಷ್ಟೋ ಜಮೀನು ಅವರದ್ದೇ. ಗೇಣಿದಾರರಿಗೆ ಜಮೀನಿನ ಜೊತೆ ಹಸು, ಕುರಿಗಳನ್ನೂ ಕೊಡುತ್ತಿದ್ದರು. ಅದರ ಬಾಡಿಗೆ ಬೆಣ್ಣೆಯಲ್ಲಿ! ಉಪ್ಪು ದುಬಾರಿ, ಹಾಗಾಗಿ ಉಪ್ಪಿಲ್ಲದ ಬೆಣ್ಣೆಯನ್ನೇ ಹುಳಿಯಾಗಲು ಬಿಟ್ಟು ವರ್ಷಗಟ್ಟಲೆ ಇಡುತ್ತಿದ್ದರು. ಕಾಯಿಸಿ ತುಪ್ಪ ಮಾಡಿ ಅಂತ ಹೇಳಲು ಆ ಕಾಲದಲ್ಲಿ ನಮ್ಮವರೊಬ್ಬರು ಅಲ್ಲಿರಬೇಕಿತ್ತು, ಅಲ್ವಾ?

ಕೊಬ್ಬೆಲ್ಲ ಪ್ರಾಣಿಯಿಂದಲೇ ಬರಬೇಕಾದ ನಾಡಿನಲ್ಲಿ ಪ್ರಾಣಿ ಸತ್ತರೆ ಏನಾಗುತ್ತದೆ? 1783ರಲ್ಲಿ ಲಾಕಿ ಎಂಬಲ್ಲಿ ನೆಲ ಬಿರಿದು ತಿಂಗಳುಗಟ್ಟಲೆ ಲಾವಾ ಹರಿಯಿತು. ಬೂದಿಯಲ್ಲಿದ್ದ ಫ್ಲೋರಿನ್ ಎಂಬ ವಿಷ ಹುಲ್ಲಿಗೆ ಸೇರಿತು. ಸುಮಾರು ಶೇ. 80ರಷ್ಟು ಕುರಿಗಳು ಸತ್ತವು. ಮಾಂಸ, ಬೆಣ್ಣೆ, ಬೆಳಕು ಮೂರೂ ಒಟ್ಟಿಗೆ ಹೋದವು. ಆ ಬರಗಾಲಕ್ಕೆ ಐದರಲ್ಲಿ ಒಬ್ಬರು ಬಲಿಯಾದರು.

ರಾತ್ರಿ ಉಳಿದದ್ದು ಒಂದು ಕುರಿ ಸಾಕುವವರ ಮನೆಯಲ್ಲಿ. ಊಟಕ್ಕೆ ಬೇಯಿಸಿದ ಹ್ಯಾಡಕ್ ಮೀನು, ಆಲೂಗಡ್ಡೆ. ಮೇಲೆ ಸುರಿಯಲು ಬಿಸಿ ಬಿಸಿ ಕುರಿ ಕೊಬ್ಬು, ಅದರಲ್ಲಿ ಕಂದು ಬಣ್ಣದ ಗರಿಗರಿ ಚೂರುಗಳು. "ಬೇಗ ತಿನ್ನಿ, ಆರಿದರೆ ಬಾಯಲ್ಲೇ ಗಟ್ಟಿಯಾಗುತ್ತೆ" ಅಂದರು ಮನೆಯಾಕೆ. ಮಾತು ಸುಳ್ಳಲ್ಲ. ಎರಡನೇ ತುತ್ತಿಗೇ ಅಂಗುಳಕ್ಕೆ ಅಂಟಿತು. ಆದರೆ ರುಚಿ? ಸಪ್ಪೆ ಮೀನಿಗೆ ಅದೇ ಜೀವ. ಮಾಂಸ ಮುಟ್ಟದ ನನ್ನ ಗೆಳೆಯ ಬೆಣ್ಣೆ ಹಚ್ಚಿದ ಆಲೂಗಡ್ಡೆಯಲ್ಲೇ ಊಟ ಮುಗಿಸಿದ.

ನೆಣಕ್ಕೆ ಬೆಲೆ ಬಂದರೆ ಜಾಸ್ತಿ ಕುರಿ ಸಾಕುತ್ತೀರಾ ಅಂತ ಕೇಳಿದೆ. ಆಕೆ ನಕ್ಕರು. ನೆಣಕ್ಕೋಸ್ಕರ ಯಾರೂ ಕುರಿ ಕಡಿಯುವುದಿಲ್ಲ. ಮಾಂಸ ಎಷ್ಟು ಬೇಕೋ ಅಷ್ಟು ಮರಿ ಕಸಾಯಿಖಾನೆಗೆ ಹೋಗುತ್ತವೆ, ಅದೂ ಹೆಚ್ಚಿನದೆಲ್ಲ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನೆಣ ಅದರ ಬಾಲ ಹಿಡಿದು ಬರುವಂಥದ್ದು. 1970ರ ದಶಕದ ಕೊನೆಯಲ್ಲಿ ದೇಶದಲ್ಲಿ ಚಳಿಗಾಲಕ್ಕೆ ಉಳಿಸಿಕೊಳ್ಳುತ್ತಿದ್ದ ಕುರಿಗಳು ಸುಮಾರು 9 ಲಕ್ಷ. ಈಗ 4 ಲಕ್ಷಕ್ಕಿಂತ ಕಡಿಮೆ. ಹೆಚ್ಚುಕಡಿಮೆ ಜನರಷ್ಟೇ ಕುರಿಗಳು. ಮಂದೆ ಕರಗಿದಂತೆ ನೆಣವೂ ಕರಗಿತು. ಅದೇ ಹೊತ್ತಿಗೆ ಹಡಗಿನಲ್ಲಿ ಬಂದ ಅಡುಗೆ ಎಣ್ಣೆ ಅಂಗಡಿ ತುಂಬಿತು. ನನಗನ್ನಿಸಿದ್ದು, ಇಂಥ ಪುಟ್ಟ ದೇಶದಲ್ಲಿ ಕೊಬ್ಬಿನ ಲೆಕ್ಕ ಕೇಳುವವರು ಮೊದಲು ಮಾಂಸದ ಊಟದ ಲೆಕ್ಕ ಕೇಳಬೇಕು.

ಮಾರನೇ ದಿನ ಸೌದಾರ್‌ಕ್ರೋಕುರ್‌ನ ಅಂಗಡಿಯಲ್ಲಿ ಆ ಹಸಿ ನೆಣವನ್ನೇ ಕಂಡೆ. ಫ್ರೀಜರಿನಲ್ಲಿ ಚೀಲದಲ್ಲಿ ಬಿಳಿ ನೆಣ, ಪಕ್ಕದಲ್ಲಿ ಡಬ್ಬಿಯಲ್ಲಿ ರಕ್ತ. ಎರಡನ್ನೂ ರೈ ಎಂಬ ಧಾನ್ಯದ ಹಿಟ್ಟಿನ ಜೊತೆ ಕಲಸಿ, ಕುರಿಯ ಹೊಟ್ಟೆಯ ಚೀಲಕ್ಕೆ ತುಂಬಿ, ಹೊಲಿದು ಬೇಯಿಸುತ್ತಾರೆ. ಮನೆಮಂದಿಯೆಲ್ಲ ಕೂತು ಮಾಡುವ ಕೆಲಸವಂತೆ. ಕಾಯಿಸಿ ಸೋಸಿದ ಕೊಬ್ಬಿನ ಅಚ್ಚು ಇನ್ನೊಂದು ಕಪಾಟಿನಲ್ಲಿತ್ತು.

ಮಧ್ಯಾಹ್ನ ಅಕುರೇರಿ ತಲುಪಿ ಬೇಕರಿಗೆ ನುಗ್ಗಿದೆವು. ತಿರುಚಿ ಕರಿದ ಕ್ಲೇನೂರ್ ಎಂಬ ತಿಂಡಿ ಘಮ್ಮೆನ್ನುತ್ತಿತ್ತು. ಹಿಂದೆ ಅದನ್ನು ಕುರಿ ಕೊಬ್ಬಿನಲ್ಲೇ ಕರಿಯುತ್ತಿದ್ದರು. ಗೆಳೆಯ ಅನುಮಾನದಿಂದ ಕೇಳಿದ. "ಇಲ್ಲ, ಈಗ ಎಣ್ಣೆಯಲ್ಲೇ" ಅಂದಳು ಹುಡುಗಿ. ಅವನು ಅರ್ಧ ಡಜನ್ ಕಟ್ಟಿಸಿಕೊಂಡ. ನನಗೆ ಸ್ವಲ್ಪ ಬೇಜಾರೇ ಆಯ್ತು.