ಲಂಟಾನದ ಬುಡದಲ್ಲಿ ಸಿಕ್ಕಿದ್ದು: ಮೂರನೆಯ ಮಳೆಗಾಲದ ಟಿಪ್ಪಣಿ

ಕಳೆದ ವರ್ಷ ಒಂದೇ ತಿಂಗಳಲ್ಲಿ ಕಾಡು ಮರಳಿ ಬೆಳೆಯಲೆಂದು ಅರ್ಧ ಎಕರೆ ಲಂಟಾನ ಕಳೆಪೊದೆ ಸವರಿದೆವು. ಮಳೆ ಹಿಡಿದ ಮೂರನೆಯ ವಾರಕ್ಕೆ ಕೊಚ್ಚಿದ ಬುಡಗಳಲ್ಲೆಲ್ಲ ಚಿಗುರು ಒಡೆದಿತ್ತು, ತೆರವಾದ ನೆಲದಲ್ಲಿ ಬೆಳಕು ಕಂಡ ಬೀಜಗಳು ಒತ್ತೊತ್ತಾಗಿ ಮೊಳೆತಿದ್ದವು. ಆ ನೋವು ಇನ್ನೂ ಮಾಸಿಲ್ಲ.

ಈ ಸಲ ಮೊದಲು ಒಂದು ಬುಡವನ್ನು ಹಾರೆಯಿಂದ ಎಬ್ಬಿಸಿ, ಮಣ್ಣು ತೊಳೆದು, ಬಿಸಿಲಿಗೆ ಹಿಡಿದು ನೋಡಿದೆ. ಕಾಂಡ ಮುಗಿದು ಬೇರು ಶುರುವಾಗುವ ಗಂಟಿನ ಸುತ್ತ ಗುಂಡುಸೂಜಿಯ ತಲೆಯಷ್ಟು ಸಣ್ಣ ಚಿಗುರುಗಣ್ಣುಗಳಿದ್ದವು. ನಮ್ಮ ಕತ್ತಿ ಪ್ರತಿ ಬಾರಿಯೂ ಅವುಗಳ ಮೇಲೇ ಹಾದುಹೋಗಿತ್ತು. ದೆಹಲಿ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಸಿ. ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನದಲ್ಲಿ ಈ ಗಂಟಿಗಿಂತ ಕೆಳಗೆ ತಾಯಿಬೇರನ್ನು ಕಡಿದು, ಗಿಡವನ್ನು ತಲೆಕೆಳಗಾಗಿಸಿ ಒಣಗಲು ಬಿಡುತ್ತಾರೆ. ಅಗೆತ ಕಡಿಮೆಯಾದ್ದರಿಂದ ಮಣ್ಣೂ ಹೆಚ್ಚು ಕದಡುವುದಿಲ್ಲ. ಹಾಗೆ ಕಡಿದ ಬುಡಗಳಲ್ಲಿ ಈ ಮಳೆಗಾಲ ಒಂದೂ ಚಿಗುರಲಿಲ್ಲ!

ಆದರೆ ಬೀಜದ ಸಮಸ್ಯೆ ಹಾರೆಗೆ ಬಗ್ಗುವುದಲ್ಲ. ಹಣ್ಣು ತಿಂದ ಹಕ್ಕಿಗಳು ಕೂರುವ ಮರಗಳ ಕೆಳಗೆ ಸಸಿಗಳು ಮತ್ತೆ ಮತ್ತೆ ಏಳುತ್ತವೆ, ಆದ್ದರಿಂದ ಅಲ್ಲಿ ವರ್ಷಗಟ್ಟಲೆ ಕೈಯಿಂದ ಕೀಳಲೇಬೇಕು. ಇಲ್ಲಿ ನೆರವಾದದ್ದು 1960ರ ದಶಕದಲ್ಲಿ ಸಿಡ್ನಿಯ ಕುರುಚಲು ಕಾಡುಗಳಲ್ಲಿ ಕಳೆ ಕೀಳುತ್ತಿದ್ದ ಜೋನ್ ಮತ್ತು ಐಲೀನ್ ಬ್ರಾಡ್ಲಿ ಸಹೋದರಿಯರ ಪದ್ಧತಿ: ಕಾಡು ಚೆನ್ನಾಗಿರುವ ಕಡೆಯಿಂದ ಕೆಟ್ಟಿರುವ ಕಡೆಗೆ ಸಾಗಬೇಕು, ಮಣ್ಣನ್ನು ಆದಷ್ಟು ಕಡಿಮೆ ಕೆದಕಬೇಕು, ಸ್ಥಳೀಯ ಸಸ್ಯಗಳು ಜಾಗ ತುಂಬಿಕೊಳ್ಳುವ ವೇಗಕ್ಕಿಂತ ಮುಂದೆ ಓಡಬಾರದು. ನಾವು ಮಾಡಿದ್ದು ಸರಿಯಾಗಿ ಇದರ ತಿರುವುಮುರುವು. ಹೆಚ್ಚು ಮುತ್ತಿದ ನಡುಭಾಗಕ್ಕೇ ಮೊದಲು ಕೈಹಾಕಿದ್ದೆವು. ಈಗ ಅಂಚಿನಿಂದ ನಾಲ್ಕೈದು ಹೆಜ್ಜೆಯಷ್ಟೇ ಒಳಸರಿದಿದ್ದೇವೆ, ಆದರೆ ಅಲ್ಲಿ ಹುಲ್ಲು ತಾನಾಗಿಯೇ ಹಬ್ಬಿ ನೆಲ ಮುಚ್ಚಿದೆ.

ತೆರವಾದ ಜಾಗದಲ್ಲಿ ನೆಡಲು ಮರದ ಸಸಿ ಕೊಟ್ಟವರ ಬಗ್ಗೆ ಒಂದು ಮಾತು ಹೇಳಲೇಬೇಕು. ಚೀಲ ಬಿಚ್ಚಿದರೆ ಬೇರುಗಳು ಸುರುಳಿ ಸುತ್ತಿದ್ದವು. ಅಂಥ ಗಿಡ ಎರಡು ವರ್ಷ ಹಸಿರಾಗಿದ್ದು ಆಮೇಲೆ ಗಾಳಿಗೆ ಉರುಳಿದರೆ, ನೆಟ್ಟ ದಿನದ ಲೆಕ್ಕದಲ್ಲಿ ಮಾತ್ರ ಅದು ಮರವಾಗಿ ಉಳಿಯುತ್ತದೆ. ಹಾಗಾಗಿ ಮುಂದಿನ ಕೆಲಸ ನಮ್ಮದೇ ಬೀಜ ಸಂಗ್ರಹ, ಅದೂ ಮರಗಳದ್ದಲ್ಲ, ಅಂಚಿನಲ್ಲಿ ಗೆದ್ದ ಆ ಹುಲ್ಲಿನದು. ತೆನೆ ಬಲಿತು ಮುಟ್ಟಿದರೆ ಉದುರುವ ಹಂತಕ್ಕೆ ಬರಲಿ ಎಂದು ಕಾಯುತ್ತಿದ್ದೇನೆ. ಅಷ್ಟರೊಳಗೆ ಹಕ್ಕಿ ಕೂರುವ ಮರಗಳಿಗೆಲ್ಲ ಗುರುತು ಹಾಕಿ, ಒಂದೊಂದರ ಕೆಳಗೆ 1 ಮೀಟರ್ ಚೌಕದಲ್ಲಿ ಲಂಟಾನದ ಸಸಿಗಳನ್ನು ಎಣಿಸಬೇಕಿದೆ.